ಉಪ್ಪುನೀರಿಗೆ ಹೊಲಿದ ಚೀಲಗಳು

ಅಗಳಿಯ ಹುಡುಗಿಗೆ ತಾನೇ ಫೋನು ಮಾಡಿದ್ದೇನೆ, ಮಧ್ಯಾಹ್ನದ ಬಸ್ಸಿಗೆ ಬರುತ್ತಾಳೆ, ಅವಳ ಚೀಲಗಳೂ ಮುಗಿದವು ಎಂದು ಅಪ್ಪ ಮಷೀನಿನಿಂದ ತಲೆ ಎತ್ತದೆಯೇ ಅಂದ. ಸಾಯಿಲಕ್ಷ್ಮಿ ಚಹಾದ ಲೋಟ ಹಿಡಿದವಳು ಹಾಗೇ ನಿಂತಳು. ಅಪ್ಪನ ಮುಖ ನೋಡಿದಳು. ತುಟಿಯ ನಡುವಿನ ಎರಡು ಗುಂಡುಪಿನ್ನು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಈಚೆಗೆ ಅವಳಿಗೆ ಏನೂ ಇಲ್ಲದ ಮುಖಗಳ ಮೇಲೇ ಹೆಚ್ಚು ಅನುಮಾನ. ತನ್ನನ್ನು ಒಂದು ಮಾತು ಕೇಳದೆ ಯಾಕೆ ಕರೆದ? ತನುಶ್ರೀಯ ನಂಬರು ಇವನ ಹತ್ತಿರ ಎಲ್ಲಿಂದ ಬಂತು? ಅಡುಗೆಮನೆಯ ಕಡೆ ಕಣ್ಣು ಹೋಯಿತು, ಅವ್ವ ಆಗಲೇ ಕಡಲೆಬೇಳೆ ಕುದಿಯಲು ಇಟ್ಟಿದ್ದಳು. ಹೋಳಿಗೆ! ಅಂದರೆ ಅವಳಿಗೂ ಗೊತ್ತು, ನಿನ್ನೆಯಿಂದಲೇ ಗೊತ್ತು, ಮನೆಗೆಲ್ಲ ಗೊತ್ತಿದ್ದ ಸಂಗತಿ ತನಗೊಬ್ಬಳಿಗೆ ಈಗ ತಿಳಿಯುತ್ತಿದೆ. ಯಾಕ ಕರೆದಿ ಎಂದು ಕೇಳಲು ಬಾಯಿ ತೆರೆದಳು. ಕೇಳಿದರೆ ಯಾಕ ಕರೀಬಾರದಾಗಿತ್ತು ಎಂಬ ಪ್ರಶ್ನೆ ತಿರುಗಿ ಬರುತ್ತದೆ. ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ಆದ್ದರಿಂದ ಚಹಾ ಕುಡಿದಳು, ಅದು ಆಗಲೇ ಆರಿತ್ತು.

ಚೀಲವೆಂದರೆ ಎರಡು ಅಂಗೈ ಸೇರಿಸಿದಷ್ಟು ಅಗಲದ, ಬಿಳಿ ನೈಲಾನ್ ಜಾಲರಿಯ ಚೀಲ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರು ಓಣಿಗೊಬ್ಬರಲ್ಲ, ಮನೆಗೊಬ್ಬರಿದ್ದಾರೆ. ಇಂಥ ಚೀಲ ಹೊಲಿದವನು ಅವಳ ಅಪ್ಪ ಜಯಣ್ಣ ಒಬ್ಬನೇ. ಕೃಷ್ಣೆ ಕಡಲು ಸೇರುವ ಕಡೆ, ತೆಲುಗಿನವರು ಮಡ ಅಡವಿ ಎನ್ನುವ ಕಾಡಿದೆ, ಉಪ್ಪುನೀರಿನ ಕೆಸರಿನಲ್ಲೇ ಬೇರು ಬಿಟ್ಟು ನಿಂತ ಮರಗಳು. ಅದರ ಒಂದು ಭಾಗ ಕಡಿದು ಯಾರೋ ಸೀಗಡಿ ಹೊಂಡ ತೋಡಿ, ಕೈಸುಟ್ಟುಕೊಂಡು, ಬಿಟ್ಟುಹೋಗಿದ್ದರು. ಆ ಹೊಂಡದ ಒಡ್ಡು ಒಡೆದು, ಕಡಲ ನೀರು ಒಳಗೆ ಬಿಟ್ಟು, ಸಸಿ ನೆಟ್ಟು ಮತ್ತೆ ಕಾಡು ಮಾಡುವ ಕೆಲಸದಲ್ಲಿ ಅವಳ ಕಾಲೇಜಿನ ಮೇಡಂ ಇದ್ದರು. ಉದುರಿದ ಎಲೆ ಹಳೆ ಕಾಡಿನಲ್ಲಿ ಎಷ್ಟು ಬೇಗ ಮಣ್ಣಾಗುತ್ತದೆ, ನೆಟ್ಟ ಕಾಡಿನಲ್ಲಿ ಎಷ್ಟು ಬೇಗ ಎಂದು ನೋಡುವುದು ವಿದ್ಯಾರ್ಥಿಗಳ ಪಾಲಿಗೆ ಬಂದಿತ್ತು. ತೂಗಿದ ಎಲೆಯನ್ನು ಜಾಲರಿ ಚೀಲಕ್ಕೆ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದು, ಬೇರಿಗೆ ಕಟ್ಟಿ ಬರುವುದು. ನೀರಿಳಿದ ಹೊತ್ತಿನಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಹೋಗಿ ಕೆಲವನ್ನು ತಂದು, ತೊಳೆದು ಒಣಗಿಸಿ ಮತ್ತೆ ತೂಗುವುದು. ಹಳೆ ಕಾಡು ತನುಶ್ರೀಗೆ, ನೆಟ್ಟ ಕಾಡು ಸಾಯಿಲಕ್ಷ್ಮಿಗೆ. ಒಬ್ಬಳದು ರಾಯದುರ್ಗ, ಇನ್ನೊಬ್ಬಳದು ಮಡಕಶಿರದ ಹತ್ತಿರದ ಅಗಳಿ. ಇಬ್ಬರೂ ಕನ್ನಡ ಮಾತಾಡುವವರು, ಇಬ್ಬರೂ ಕಡಲನ್ನು ಮೊದಲ ಸಲ ಕಂಡವರು ಎಂದು ಮೇಡಂ ಅವರನ್ನು ಒಂದೇ ದೋಣಿಗೆ ಹಾಕಿದ್ದರು. ಮುಂದಿನ ವರ್ಷಕ್ಕೆ ಒಬ್ಬರನ್ನೇ ಉಳಿಸಿಕೊಳ್ಳುವುದು ಎಂದೂ ಅವರೇ ಹೇಳಿದ್ದರು. ಆ ಮಾತು ದೋಣಿಯಲ್ಲಿ ಮೂರನೆಯವಳಂತೆ ದಿನಾ ಅವರಿಬ್ಬರ ನಡುವೆ ಕುಳಿತುಕೊಳ್ಳುತ್ತಿತ್ತು.

ಅಪ್ಪ ಈಗ ಮತ್ತೆ ಪೆಡಲ್ ತುಳಿಯುತ್ತಿದ್ದ. ಮಷೀನಿನ ಪಕ್ಕದಲ್ಲಿ ಚೀಲಗಳ ಎರಡು ಗುಡ್ಡೆ, ಎರಡೂ ಒಂದೇ ಎತ್ತರ. ಹೋದ ವರ್ಷ ಬೇಸಿಗೆಯಲ್ಲೂ ಹೀಗೇ ಎರಡು ಗುಡ್ಡೆ ಇದ್ದವು, ಆಗ ತನುಶ್ರೀ ಇದೇ ಮನೆಯಲ್ಲಿ ಉಳಿದಿದ್ದಳು. ಬಂದ ದಿನವೇ ಅಂಕಲ್ ಆಂಟಿ ಎನ್ನದೆ ಮಾವ, ಅತ್ತೆ ಎಂದು ಶುರುಮಾಡಿದ್ದಳು, ಅವ್ವ ಕರಗಿಹೋಗಿದ್ದಳು. ಕಾರ್ಖಾನೆಯಿಂದ ತಿರಸ್ಕಾರವಾಗಿ ಬಂದ ಜೀನ್ಸ್ ಜೇಬುಗಳ ಗಂಟು ಆಗ ಮನೆಯಲ್ಲಿ ಬಿದ್ದಿತ್ತು. ಸೊಟ್ಟ ಹೊಲಿಗೆಯನ್ನು ಬಿಚ್ಚಿ ಮತ್ತೆ ಹೊಲಿಯಬೇಕು. ಬಿಚ್ಚುವುದು ಹೆಂಗಸರ, ಮಕ್ಕಳ ಕೆಲಸ. ಅವ್ವ ಅರ್ಧ ಮುರಿದ ಬ್ಲೇಡನ್ನು ಎರಡು ಬೆರಳ ನಡುವೆ ಹಿಡಿಯುವುದನ್ನು ತನುಶ್ರೀಗೆ ಕಲಿಸಿದ್ದಳು. ಹೊಲದಲ್ಲಿ ಶೇಂಗಾ ಕಿತ್ತ ಬೆರಳು, ಬೇಗ ಕಲಿತವು. ನಮ್ಮ ಸಾಯಿಗಿಂತ ಸಲೀಸು ಬಿಚ್ಚತಾಳ ನೋಡು ಎಂದು ಅವ್ವ ಅಪ್ಪನಿಗೆ ಹೇಳಿದ್ದು ಸಾಯಿಲಕ್ಷ್ಮಿಗೆ ಕೇಳಿಸಿತ್ತು. ಅಂಥ ಮಾತು ಕಿವಿಗೆ ಬಿದ್ದರೆ ಹೊರಗೆ ಹೋಗುವುದಿಲ್ಲ, ಒಳಗೇ ಮನೆ ಮಾಡಿಕೊಂಡು ತನ್ನ ಕಾಲಕ್ಕೆ ಕಾಯುತ್ತದೆ.

ಅದರ ಕಾಲ ಮಳೆಗಾಲ ಮುಗಿದ ಮೇಲೆ ಬಂತು. ಮೊದಲ ಸಲ ತೆಗೆದ ಚೀಲಗಳೆಲ್ಲ ಸರಿಯಾಗಿದ್ದವು. ಎರಡನೇ ಸಲ ಹೋಗುವ ಮುಂಚೆ ಸಾಯಿಲಕ್ಷ್ಮಿ ಜ್ವರ ಬಂದು ಮಲಗಿದ್ದಳು. ತನುಶ್ರೀ ಒಬ್ಬಳೇ ದೋಣಿಯವನ ಜೊತೆ ಹೋಗಿ ಎರಡೂ ಕಡೆ ನೋಡಿ ಬಂದಿದ್ದಳು, ಎಲ್ಲ ಚೆನ್ನಾಗೈತೆ ಎಂದಿದ್ದಳು. ಜ್ವರ ಬಿಟ್ಟು ತಾನು ಹೋಗಿ ನೋಡುತ್ತಾಳೆ, ತನ್ನ ಚೀಲಗಳು ಒಂದಾದ ಮೇಲೊಂದು ಬದಿ ತೆರೆದುಕೊಂಡು ಬೇರಿಗೆ ಜೋತಾಡುತ್ತಿದ್ದವು. ಒಳಗೆ ಒಂದು ಎಲೆಯ ನಾರೂ ಇಲ್ಲ. ಬಾಯಿಯ ಪಟ್ಟಿ ಬಿಗಿದಂತೆಯೇ ಇದೆ, ಬಿಟ್ಟುಕೊಂಡದ್ದು ಮೂರು ಬದಿಯ ಹೊಲಿಗೆ. ಜಾಲರಿ ಹರಿದಿರಲಿಲ್ಲ, ಏಡಿ ಕಡಿದಿರಲಿಲ್ಲ. ಸೂಜಿಯ ತೂತುಗಳು ಸಾಲಾಗಿ, ಶುದ್ಧವಾಗಿ, ದಾರವಿಲ್ಲದೆ ನಿಂತಿದ್ದವು. ಕೆಸರಿನಲ್ಲಿ ನಿಂತು ಅವಳು ಆ ತೂತುಗಳ ಮೇಲೆ ಹೆಬ್ಬೆರಳು ಆಡಿಸಿದಳು. ಹುಟ್ಟಿದಂದಿನಿಂದ ಹೊಲಿಗೆ ಕಂಡವಳು, ಹರಿದದ್ದು ಯಾವುದು, ಬಿಚ್ಚಿದ್ದು ಯಾವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇದು ಬಿಚ್ಚಿದ್ದು. ಹಳೆ ಕಾಡಿನಲ್ಲಿ ತನುಶ್ರೀಯ ಚೀಲಗಳು, ಅದೇ ಅಪ್ಪ ಅದೇ ಮಷೀನಿನಲ್ಲಿ ಹೊಲಿದವು, ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡಿದ್ದವು. ಅವಳಿಗೆ ಅಲ್ಲೇ, ಆ ಕೆಸರಿನಲ್ಲೇ, ಅವ್ವನ ಮಾತು ನೆನಪಾಯಿತು.

ಕಾಲೇಜಿನಲ್ಲಿ ಅವಳನ್ನು ಟೈಲರಮ್ಮಾಯಿ, ಟೈಲರ್ ಹುಡುಗಿ, ಎಂದು ಕರೆಯುತ್ತಿದ್ದರು. ಮೊದಲ ವರ್ಷವೆಲ್ಲ ಆ ಹೆಸರಿಗೆ ಅವಳು ಕುಗ್ಗಿಹೋಗಿದ್ದಳು, ಯಾರದಾದರೂ ಗುಂಡಿ ಕಿತ್ತರೆ ಅವಳ ಮುಂದೆ ತಂದು ಹಿಡಿಯುತ್ತಿದ್ದರು, ಅವಳು ಹಾಕಿಕೊಡುತ್ತಿದ್ದಳು. ಆ ದಿನ ಮೇಡಂ ಮುಂದೆ ಖಾಲಿ ಚೀಲ ಇಟ್ಟು, ಹೊಲಿಗೆ ಬಿಚ್ಚಿದರೆ ಹೇಗಿರುತ್ತದೆಂದು ತನಗೆ ಗೊತ್ತು, ತನ್ನ ತಂದೆ ಟೈಲರ್ ಎಂದು ತೆಲುಗಿನಲ್ಲಿ ಹೇಳಿದಾಗ, ಆ ಹೆಸರು ಮೊದಲ ಸಲ ಅವಳ ಕೈಯಲ್ಲಿ ಕೋಲಿನಂತೆ ನಿಂತಿತು. ಮೇಡಂ ಚೀಲವನ್ನು ಬೆಳಕಿಗೆ ಹಿಡಿದು ನೋಡಿದರು, ಏನೂ ತಿಳಿಯದೆ ಅವಳನ್ನೇ ನಂಬಿದರು. ಬಿಚ್ಚುವುದು ಯಾರಿಗೆ ಬರುತ್ತದೆ, ಯಾರು ಒಬ್ಬರೇ ಹೋಗಿದ್ದರು, ಎರಡೇ ಪ್ರಶ್ನೆ. ತನುಶ್ರೀ ಬಾಗಿಲ ಹತ್ತಿರ ನಿಂತಿದ್ದಳು. ನಾನು ಮುಟ್ಟಿಲ್ಲ ಎಂದಳು, ಅಷ್ಟೇ. ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ತಪ್ಪಿಲ್ಲದವಳಾದರೆ ಸುಮ್ಮನೆ ಯಾಕೆ ನಿಲ್ಲುತ್ತಾಳೆ ಎಂದು ಸಾಯಿಲಕ್ಷ್ಮಿಗೆ ಅನಿಸಿತು. ಮಾತಾಡಿದ್ದರೆ, ತಪ್ಪಿಲ್ಲದವಳಾದರೆ ಇಷ್ಟು ಯಾಕೆ ಮಾತಾಡುತ್ತಾಳೆ ಎಂದು ಅನಿಸುತ್ತಿತ್ತೋ ಏನೋ. ಅನುಮಾನಕ್ಕೆ ಬೇಕಾದ್ದು ಮೇವು, ಹಸಿಯೋ ಒಣದೋ ಅದು ನೋಡುವುದಿಲ್ಲ. ಮೇಡಂ ತನುಶ್ರೀಗೆ ಇನ್ನು ಕಾಡಿಗೆ ಬರುವುದು ಬೇಡ ಅಂದರು. ಉಳಿದವಳು ಸಾಯಿಲಕ್ಷ್ಮಿ. ಈಗಿನ ಈ ಸಂಕ್ರಾಂತಿಯ ರಜೆ ಮುಗಿದ ಮೇಲೆ ಹೊಸ ಚೀಲಗಳೊಂದಿಗೆ ಮತ್ತೆ ಮೊದಲಿನಿಂದ ಶುರು.

ಮನೆಗೆ ಇದರಲ್ಲಿ ಅರ್ಧ ಮಾತ್ರ ಹೇಳಿದ್ದಳು. ಯಾರೋ ನನ್ನ ಚೀಲ ಕೊಯ್ದಾರ ಎಂದು ಫೋನಿನಲ್ಲಿ ಅತ್ತಿದ್ದಳು, ಯಾರು ಎಂದು ಅಪ್ಪ ಕೇಳಿದಾಗ ಗೊತ್ತಿಲ್ಲ ಎಂದಿದ್ದಳು. ಅಪ್ಪ ಸಿಟ್ಟಿನ ಮನುಷ್ಯ ಅಲ್ಲ, ಆ ದಿನ ಮಾತ್ರ, ಯಾರರ ಆಗಲಿ, ಅವರ ಕೈ ಬಿದ್ದು ಹೋಗ್ಲಿ ಎಂದು ಶಪಿಸಿದ್ದ. ಕೇಳಿ ಅವಳಿಗೆ ಹಿತವಾಗಿತ್ತು, ಆಮೇಲೆ ಹೆದರಿಕೆಯೂ ಆಗಿತ್ತು. ಹೆಸರು ಯಾಕೆ ಹೇಳಲಿಲ್ಲ? ತನುಶ್ರೀಯನ್ನು ಕಾಪಾಡಲಿಕ್ಕೆ ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದಳು. ಈಗ ಅವಳೇ ಬರುತ್ತಿದ್ದಾಳೆ. ಬಂದು ಈ ಮನೆಯಲ್ಲಿ ಕುಳಿತು, ಹೋಳಿಗೆ ತಿಂದು, ನಿಮ್ಮ ಮಗಳು ನನ್ನ ಮೇಲೆ ಕಳ್ಳತನ ಹೊರಿಸಿದಳು ಎಂದರೆ? ಹೇಳಲಿಕ್ಕೇ ಬರುತ್ತಿದ್ದಾಳೆ, ಇನ್ನೇತಕ್ಕೆ ಬರುತ್ತಾಳೆ. ಸಾಯಿಲಕ್ಷ್ಮಿ ಲೋಟ ಇಟ್ಟು ಚಪ್ಪಲಿ ಮೆಟ್ಟಿದಳು. ತಾನೇ ಬಸ್‌ಸ್ಟ್ಯಾಂಡಿಗೆ ಹೋಗಿ ಕರೆತರುತ್ತೇನೆ ಎಂದಳು. ಅವಳ ಗುಡ್ಡೆಯ ಚೀಲಗಳನ್ನು ಕವರಿಗೆ ಹಾಕಿ ಕೊಡು, ಅಲ್ಲೇ ಕೊಟ್ಟರೂ ಆಯಿತು, ಪಾಪ ಬಿಸಿಲಲ್ಲಿ ಯಾಕೆ ನಡೆಸುವುದು ಎಂದೂ ಸೇರಿಸಿದಳು. ಅಪ್ಪ ಆಗ ತಲೆ ಎತ್ತಿದ.

“ಬ್ಯಾಡ. ಆಕಿ ಮನೀಗೆ ಬರಬೇಕು. ನನಗ ಆಕಿ ಕೂಡ ಒಂದು ಮಾತು ಐತಿ.”

ಒಂದು ಮಾತು! ಬಿಸಿಲಿನಲ್ಲಿ ನಡೆಯುತ್ತ ಅವಳು ಆ ಮಾತನ್ನು ತಿರುವಿ ಮುರುವಿ ನೋಡಿದಳು. ಏನು ಮಾತು? ತನುಶ್ರೀ ಆಗಲೇ ಫೋನಿನಲ್ಲಿ ಎಲ್ಲ ಹೇಳಿಬಿಟ್ಟಿದ್ದಾಳೆ, ಇಬ್ಬರನ್ನೂ ಎದುರಾಬದುರು ಕೂರಿಸಿ ಅಪ್ಪ ಪಂಚಾಯ್ತಿ ಮಾಡುತ್ತಾನೆ, ಅವ್ವನ ಹೋಳಿಗೆ ಅದಕ್ಕೇ. ಓಣಿಯ ಮೂಲೆಯಲ್ಲಿ ಜೀನ್ಸ್ ತೊಳೆದ ನೀಲಿ ನೀರು ಚರಂಡಿಯಲ್ಲಿ ನಿಂತಿತ್ತು, ದಾಟುವಾಗ ಅಭ್ಯಾಸಬಲದಿಂದ ಪ್ಯಾಂಟು ಮೇಲೆತ್ತಿಕೊಂಡಳು. ಕೆಸರಿನಲ್ಲಿ ಹೀಗೆ ಎತ್ತಿಕೊಂಡು ಪ್ರಯೋಜನವಿಲ್ಲ ಕಣೆ, ಇಳಿದ ಮೇಲೆ ಇಳಿದಂಗೆ ಎಂದು ತನುಶ್ರೀ ಮೊದಲ ದಿನ ನಕ್ಕಿದ್ದಳು, ನಕ್ಕವಳೇ ಸೊಂಟದವರೆಗೆ ಹೂತುಹೋಗಿದ್ದಳು, ಇವಳು ಕೂಗುತ್ತ ಕೈ ಕೊಟ್ಟು ಎಳೆದಿದ್ದಳು, ಇಬ್ಬರೂ ಬಿದ್ದು, ಮೂಗಿನೊಳಗೆ ಕೊಳೆತ ಮೊಟ್ಟೆಯ ವಾಸನೆಯ ಕೆಸರು ಹೋಗಿ, ದೋಣಿಯವನು ಹಣೆ ಚಚ್ಚಿಕೊಂಡಿದ್ದ. ಆವಾಗ ಸಂತೋಷವಾಗಿದ್ದದ್ದು ನಿಜ. ಅದನ್ನು ಈಗ ನೆನೆಯಲು ಅವಳಿಗೆ ಇಷ್ಟವಿರಲಿಲ್ಲ. ಎದುರಿಗೆ ಬಂದ ಹನುಮಂತರಾಯಪ್ಪ, ಗುಂಡಿ ದಾರದ ಅಂಗಡಿಯವನು, ನಿಮ್ಮಪ್ಪ ಹಳೇ ನೂಲಿನ ಉಂಡೆ ಇನ್ನೂ ಬೇಕು ಅಂತಾನ, ಈಗ ಎಲ್ಲಿ ಸಿಗತೈತಿ ಅಂತ ಹೇಳವ್ವ ಎಂದ. ಹೂಂ ಎಂದು ಮುಂದೆ ಹೋದಳು. ಕೋಟೆಗುಡ್ಡದ ಬಂಡೆಗಳು ಊರನ್ನೆಲ್ಲ ನೋಡುತ್ತ ಕುಳಿತಿದ್ದವು. ಚಿಕ್ಕಂದಿನಿಂದ ಕಂಡ ಗುಡ್ಡವೇ ಇವತ್ತು ಬೆನ್ನ ಹಿಂದೆ ಕಣ್ಣಿಟ್ಟಂತೆ ಅನಿಸಿ ಬೇಗಬೇಗ ನಡೆದಳು.

ಕಲ್ಯಾಣದುರ್ಗದ ಮೇಲೆ ಬರುವ ಬಸ್ಸು ಬಂದು ನಿಂತಿತು. ತನುಶ್ರೀ ಕೊನೆಗೆ ಇಳಿದಳು. ಕೈಯಲ್ಲಿ ಶೇಂಗಾದ ಚಿಕ್ಕ ಚೀಲ, ತೆಳ್ಳಗಾಗಿದ್ದಳು. ಇವಳನ್ನು ಕಂಡು ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ಹಣೆಯ ಬೆವರು ಒರೆಸಿಕೊಂಡು ಹತ್ತಿರ ಬಂದು ನಿಂತಳು. ಸಾಯಿಲಕ್ಷ್ಮಿಗೆ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ಒಂದೂ ಸಿಗಲಿಲ್ಲ.

“ಯಾಕ ಬಂದಿ?” ಎಂದುಬಿಟ್ಟಳು.

“ಮಾವ ಕರೆದ್ರು. ಬರಲ್ಲ ಅಂದಿದ್ರೆ ಯಾಕಮ್ಮ ಅಂತ ಕೇಳೋರು. ನಾನೇನಂತ ಹೇಳ್ಬೇಕಾಗಿತ್ತು?”

ಅಪ್ಪನಿಗೆ ಏನಾದರೂ ಹೇಳಿದ್ದೀಯಾ ಎಂದು ಸಾಯಿಲಕ್ಷ್ಮಿ ಕೇಳಿದಳು. ಇಲ್ಲ. ಹೇಳುತ್ತೀಯಾ? ತನುಶ್ರೀ ಶೇಂಗಾದ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. ಇಸಕೊಳ್ಳಲು ಸಾಯಿಲಕ್ಷ್ಮಿ ಕೈ ಚಾಚಿದಳು, ಪರವಾಗಿಲ್ಲ ಬಿಡು ಎಂದು ಅವಳು ಎಳೆದುಕೊಂಡಳು. ಇಬ್ಬರೂ ಮುಂದೆ ನಡೆದರು. ಹೇಳುವುದಿಲ್ಲ ಎಂದು ಯಾಕೆ ಹೇಳಲಿಲ್ಲ? ಹೇಳುತ್ತೇನೆ ಎಂದಾದರೂ ಯಾಕೆ ಹೇಳಲಿಲ್ಲ? ಉತ್ತರ ಕೊಡದಿರುವುದೇ ಇವಳ ಆಯುಧ, ಮೇಡಂ ಮುಂದೆಯೂ ಹೀಗೇ ನಿಂತಿದ್ದಳು. ಅಷ್ಟರಲ್ಲಿ ಇನ್ನೊಂದು ಯೋಚನೆ, ತೀರ ಸಣ್ಣದು, ಕಾಲಿನ ಮುಳ್ಳಿನ ಹಾಗೆ ಚುಚ್ಚಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಬೆಳಿಗ್ಗೆಯಿಂದ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿರುವವಳು ತಾನೇ. ತನುಶ್ರೀಯ ಕೈ ನೋಡಿದರೆ ಅದು ಶೇಂಗಾ ಹಿಡಿದುಕೊಂಡು ಸುಮ್ಮನೆ ಬರುತ್ತಿದೆ.

ಮನೆಯಲ್ಲಿ ಅವ್ವ ತನುಶ್ರೀಯ ಗಲ್ಲ ಹಿಡಿದು, ಎಷ್ಟು ಸೊರಗೀದಿ, ಆ ಸಮುದ್ರದ ನೀರು ಒಗ್ಗಲಿಲ್ಲೇನವ್ವ ಎಂದು ಒಳಗೆ ಕರೆದುಕೊಂಡಳು. ಶೇಂಗಾ ಸುರುವಿ ನೋಡಿ, ಅಗಳಿ ಕಡೆ ಮಣ್ಣಿನದು, ಎಣ್ಣೆ ಜಾಸ್ತಿ ಎಂದು ಹೊಗಳಿದಳು. ನಾಲ್ಕೂ ಜನ ನೆಲದ ಮೇಲೆ ಊಟಕ್ಕೆ ಕುಳಿತರು. ಹೋಳಿಗೆಗೆ ತುಪ್ಪ ಬಿತ್ತು. ತನುಶ್ರೀ ಚೆನ್ನಾಗಿ ಉಂಡಳು, ಸಾಯಿಲಕ್ಷ್ಮಿಗೆ ಅದೂ ಸಂಶಯ. ಮನಸ್ಸಿನಲ್ಲಿ ಏನೋ ಇಟ್ಟುಕೊಂಡವಳು ಹೀಗೆ ಉಣ್ಣುತ್ತಾಳೆಯೇ, ಇಲ್ಲ ಏನೋ ಇಟ್ಟುಕೊಂಡವಳೇ ಹೀಗೆ ಉಣ್ಣುವುದು. ಅಪ್ಪ ತಟ್ಟೆಯಲ್ಲಿ ಬೆರಳಾಡಿಸುತ್ತ, ಗಂಟಲು ಸರಿಮಾಡಿಕೊಳ್ಳುತ್ತ, ಅವ್ವನ ಮುಖ ಒಮ್ಮೆ ನೋಡಿದ. ಬಂತು ಎಂದುಕೊಂಡಳು. ಹೇಳು ಹೇಳು, ಬೆಳಿಗ್ಗೆಯಿಂದ ಹೊಟ್ಟೆಯಾಗ ಇಟ್ಟುಕೊಂಡಿ ಎಂದು ಅವ್ವ ಅವನಿಗೆ ಧೈರ್ಯ ಕೊಟ್ಟಳು.

“ತನುಶ್ರೀ, ನಿನ್ನ ಮುಂದ ಹೇಳಾಕ ನಾಚಿಕಿ ಆಗತೈತವ್ವ,” ಎಂದ ಅಪ್ಪ. “ಹೋದ ವರ್ಷ ನಾ ಒಂದು ಭೇದ ಮಾಡಿದೆ. ಸಾಯಿ ಚೀಲಕ್ಕ ಚಲೋ ನೂಲು ಹಾಕಿದೆ, ಹಳೇ ಕಾಲದ ಹತ್ತಿ ನೂಲು. ನಿನ್ನವಕ್ಕ ಬರೇ ನೈಲಾನ್ ದಾರ. ನಮ್ಮನ್ಯಾಗ ಉಂಡ ಹುಡುಗಿಗೆ ಹಂಗ ಮಾಡಬಾರದಾಗಿತ್ತು.”

ಅವನು ಎದ್ದು ಕೈ ತೊಳೆದು ಮಷೀನಿನ ಹತ್ತಿರ ಹೋದ. ನೈಲಾನ್ ದಾರ ಬಿಗಿ, ಜಾಲರಿಯನ್ನು ಕೊಯ್ಯುತ್ತದೆ. ಹತ್ತಿ ನೂಲು ಮೆತ್ತಗಿದ್ದು ಬಟ್ಟೆಯ ಸಂಗಡ ಬಾಳುತ್ತದೆ, ಹಳೆ ಟೈಲರುಗಳಿಗೆ ಕೇಳು ಬೇಕಾದರೆ ಎಂದು ವಿವರಿಸಿದ. ಒಂದೇ ಉಂಡೆ ಉಳಿದಿತ್ತಂತೆ. ಇಬ್ಬರಿಗೂ ಸಾಲದು ಎಂದು ಮಗಳಿಗೆ ಮಾತ್ರ ಹಾಕಿ, ಮೇಣ ಸವರಿ, ಎರಡು ಸಾಲು ಹೊಲಿದಿದ್ದನಂತೆ. ಎರಡೂ ಬಿಳಿ, ಯಾರಿಗೂ ಗೊತ್ತಾಗಲಿಲ್ಲ. ಆದರೆ ತನಗೆ ಗೊತ್ತಲ್ಲ, ವರ್ಷವೆಲ್ಲ ಅದು ಮನಸ್ಸಿಗೆ ಚುಚ್ಚುತ್ತಿತ್ತು. ಮಗಳ ಚೀಲ ಯಾರೋ ಕೊಯ್ದರು ಅಂದಾಗ, ತನ್ನ ಭೇದಬುದ್ಧಿಗೆ ದೇವರು ಕೊಟ್ಟ ಪೆಟ್ಟು ಎಂದೇ ಅನಿಸಿತ್ತಂತೆ. ಈ ಸಲ ಹನುಮಂತರಾಯಪ್ಪನ ಕಾಲು ಹಿಡಿದು ಹಳೆ ನೂಲು ತರಿಸಿ ಇಬ್ಬರಿಗೂ ಒಂದೇ ನೂಲಿನಲ್ಲಿ ಹೊಲಿದಿದ್ದೇನೆ ಎಂದು ಎರಡೂ ಗುಡ್ಡೆಯಿಂದ ಒಂದೊಂದು ಚೀಲ ತಂದು ತನುಶ್ರೀಯ ಮುಂದೆ ಹಿಡಿದ. ಎಳೆದು ನೋಡು ಅಂದ. ಅವಳು ಎಡಗೈಯಲ್ಲಿ ತೆಗೆದುಕೊಂಡಳು, ಎಳೆಯಲಿಲ್ಲ. ಬಲಗೈ ಅನ್ನದಲ್ಲಿ ನಿಂತಿತ್ತು.

ಸಾಯಿಲಕ್ಷ್ಮಿಯ ಕಿವಿ ಒಂದೇ ಪದದ ಮೇಲೆ ನಿಂತಿತು. ಹತ್ತಿ. ಕಾಡಿಗೆ ಹೋದ ಮೊದಲ ವಾರವೇ ಮೇಡಂ ಅವರಿಬ್ಬರ ಕೈಯಲ್ಲಿ ಬಿಳಿ ಹತ್ತಿಬಟ್ಟೆಯ ಪಟ್ಟಿಗಳನ್ನು ಕೆಸರಿನಲ್ಲಿ ಹೂಳಿಸಿದ್ದರು; ಕೆಸರು ಎಷ್ಟು ಜೀವಂತವಾಗಿದೆ ಎಂದು ತಿಳಿಯುವ ಬಗೆ ಅದು. ಆಮೇಲೆ ತೆಗೆದಾಗ ಬಟ್ಟೆ ಕೈಯಲ್ಲಿ ಅಂಬಲಿಯಂತೆ ಹರಿದುಹೋಗಿತ್ತು. ಎಲೆಯನ್ನು ತಿನ್ನುವುದು ಹತ್ತಿಯನ್ನೂ ತಿನ್ನುತ್ತದೆ, ನೈಲಾನನ್ನು ಬಿಡುತ್ತದೆ, ಇದನ್ನು ಅವಳೇ ಪರೀಕ್ಷೆಯಲ್ಲಿ ಬರೆದಿದ್ದಳು. ತನುಶ್ರೀ ಚೀಲದಿಂದ ಕಣ್ಣೆತ್ತಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎದುರಿನ ಕಣ್ಣಿನಲ್ಲಿ ಸಿಟ್ಟು ಇದ್ದಿದ್ದರೆ ಸಾಯಿಲಕ್ಷ್ಮಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅಲ್ಲಿ ಬರೀ ಕಾಯುವುದು ಇತ್ತು. ಅಪ್ಪ ಏನೂ ಅರಿಯದೆ, ಮನಸ್ಸು ಹಗುರಾದವನಂತೆ, ಮತ್ತೆ ತಟ್ಟೆಯ ಮುಂದೆ ಬಂದು ಕುಳಿತ. ಅದಿರಲಿ, ಆ ಚೀಲ ಕೊಯ್ದವರು ಯಾರಂತ ಗೊತ್ತಾತೇನವ್ವ, ನೀನೂ ಅಲ್ಲೇ ಇದ್ದೆಲ್ಲ ಎಂದು ತನುಶ್ರೀಯನ್ನು ಕೇಳಿದ.

“ನಂಗೊತ್ತಿಲ್ಲ ಮಾವ,” ಎಂದಳು ತನುಶ್ರೀ. “ಸಾಯಿಗೆ ಗೊತ್ತೈತೆ, ಕೇಳಿ.”

ಮೂರು ಮುಖಗಳು ಸಾಯಿಲಕ್ಷ್ಮಿಯ ಕಡೆ ತಿರುಗಿದವು. ಈಗಲೂ ಗೊತ್ತಿಲ್ಲ ಎನ್ನಬಹುದಾಗಿತ್ತು. ಅಪ್ಪನಿಗೆ ಯಾಕೆ ನೋವು ಮಾಡುವುದು ಎಂಬ ನೆವ ಕೈಗೆ ಹತ್ತಿರವೇ ಇತ್ತು, ಚೆನ್ನಾದ ನೆವ, ಯಾರೂ ಬೈಯುವಂತಿಲ್ಲ. ತನುಶ್ರೀ ಬಾಯಿ ಬಿಡುವುದಿಲ್ಲ ಎಂದೂ ಆ ಗಳಿಗೆಯಲ್ಲಿ ಖಚಿತವಾಗಿ ತಿಳಿಯಿತು. ಇವಳು ಈ ಹೋಳಿಗೆ ಉಂಡು, ಕೈ ತೊಳೆದು, ಬೇಡದ ಚೀಲಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಸಂಜೆಯ ಬಸ್ಸಿಗೆ ಅಗಳಿಗೆ ಹೋಗುತ್ತಾಳೆ. ಅಲ್ಲಿಂದ ಮುಂದಕ್ಕೆ ಕಳ್ಳಿಯಾಗಿಯೇ ಇರುತ್ತಾಳೆ. ಬೆಳಿಗ್ಗೆಯಿಂದ ತಾನು ಹೆದರಿದ್ದು ಇವಳ ಮಾತಿಗೆ. ಈಗ ಇವಳು ಮಾತಾಡದೆ ಹೋಗಿಬಿಡುತ್ತಾಳಲ್ಲ ಎಂದು ಹೆದರಿಕೆಯಾಯಿತು. ಆ ಹೆದರಿಕೆ ಮೊದಲಿನದಕ್ಕಿಂತ ಕೆಟ್ಟದಾಗಿತ್ತು.

“ಯಾರೂ ಕೊಯ್ದಿಲ್ಲಪ್ಪ,” ಎಂದಳು. “ನೂಲು ಕೊಳೆತು ಹೋಗೈತಿ. ಆ ಕೆಸರಿನ್ಯಾಗ ಹತ್ತಿ ನಿಲ್ಲಂಗಿಲ್ಲ.”

ಮೇಣ ಸವರಿದ್ನೆಲ್ಲ ಎಂದ ಅಪ್ಪ. ಮೇಣ ಎಂದು ಇನ್ನೊಮ್ಮೆ ಅಂದು, ಅದನ್ನು ಅಲ್ಲೇ ಬಿಟ್ಟ. ಅವನು ಬುದ್ಧಿವಂತ, ಹೊಲಿಗೆಯ ಲೆಕ್ಕ ಅವನಿಗೆ ಬೇಗ ಹತ್ತುತ್ತದೆ. ಉಳಿದ ಲೆಕ್ಕವೂ ಹತ್ತಿತು. ಆ ದಿನ ಫೋನಿನಲ್ಲಿ ಕೊಯ್ದಾರ ಎಂದು ಅತ್ತೆಯಲ್ಲ, ಯಾರ ಮೇಲೆ ಅನುಮಾನ ಇಟ್ಟುಕೊಂಡು ಅತ್ತೆ ಎಂದು ಮೆಲ್ಲಗೆ ಕೇಳಿದ. ಅವಳು ಹೆಸರು ಹೇಳಲಿಲ್ಲ, ಎದುರಿಗೆ ಕೈ ಮಾಡಿದಳು. ಮೇಡಂಗೂ ಹೇಳಿದೆ, ಈಕಿನ್ನ ತೆಗೆದರು ಎಂದಳು. ಅವ್ವ ಹೋಳಿಗೆಯ ತಟ್ಟೆಯನ್ನು ನೆಲಕ್ಕಿಟ್ಟಳು. ಅನುಮಾನಂ ಪೆದ್ದ ರೋಗಂ, ಅನುಮಾನನ ದೊಡ್ಡ ರೋಗ ಅಂತ ನಿಮ್ಮಜ್ಜಿ ಸುಮ್ಮನೆ ಅಂತಿದ್ದಿಲ್ಲ ಎಂದು ತನಗೇ ಹೇಳಿಕೊಂಡಂತೆ ಅಂದಳು. ಅಪ್ಪ ತನ್ನ ಬಲಗೈ ನೋಡಿಕೊಳ್ಳುತ್ತಿದ್ದ. ಬೆರಳ ತುದಿಯಲ್ಲಿ ಇನ್ನೂ ತುಪ್ಪ ಇತ್ತು. ಕೈ ಬಿದ್ದು ಹೋಗ್ಲಿ ಎಂದು ಶಪಿಸಿದ್ದು ಅವನಿಗೆ ನೆನಪಾಗಿದೆ ಎಂದು ಸಾಯಿಲಕ್ಷ್ಮಿಗೆ ಗೊತ್ತಾಯಿತು. ಅಪ್ಪಾ ಎಂದಳು, ಅವನು ತಿರುಗಲಿಲ್ಲ.

ಅವನು ಎದ್ದು ಹೋಗಿ ಚೀಲದ ಗುಡ್ಡೆಗಳನ್ನು ಮಡಿಲಿಗೆ ಎಳೆದುಕೊಂಡು, ಬ್ಲೇಡಿನ ಡಬ್ಬಿ ತೆರೆದು, ಒಂದು ಚೀಲದ ಹೊಲಿಗೆ ಬಿಚ್ಚತೊಡಗಿದ. ಇವೂ ಅದೇ ನೂಲಿನವು. ತನುಶ್ರೀ ಕೈ ತೊಳೆದು ಬಂದು ಅವನ ಎದುರಿಗೆ ಕುಳಿತಳು, 'ಕೊಡಿ ಮಾವ' ಎಂದು ಡಬ್ಬಿಯಿಂದ ಅರ್ಧ ಬ್ಲೇಡು ತೆಗೆದುಕೊಂಡು ಎರಡು ಬೆರಳ ನಡುವೆ ಹಿಡಿದಳು, ಅವ್ವ ಕಲಿಸಿದ ಹಾಗೇ. ಸರಕ್ ಸರಕ್ ಎಂದು ಹೊಲಿಗೆ ಬಿಟ್ಟುಕೊಂಡಿತು. ಸಾಯಿಲಕ್ಷ್ಮಿ ಹತ್ತಿರ ಹೋಗಿ ಬಿಚ್ಚಿದ ಒಂದು ಚೀಲ ಎತ್ತಿಕೊಂಡಳು. ತೂತುತೂತಿನಲ್ಲೂ ನೂಲಿನ ಚೂರು ಕೂದಲಿನಂತೆ ನಿಂತಿತ್ತು. ಬ್ಲೇಡಿನಿಂದ ಬಿಚ್ಚಿದರೆ ಚೂರು ಉಳಿಯಲೇಬೇಕು. ಚಿಕ್ಕಂದಿನಲ್ಲಿ ಅವುಗಳನ್ನು ಉಗುರಿನಿಂದ ಆರಿಸುವುದೇ ಅವಳ ಕೆಲಸವಾಗಿತ್ತು, ಆರಿಸಿ ಆರಿಸಿ ಉಗುರು ನೋಯುತ್ತಿತ್ತು. ಕಾಡಿನ ಚೀಲದಲ್ಲಿ ಒಂದು ಚೂರೂ ಇರಲಿಲ್ಲ. ಅಂದು ಕೆಸರಿನಲ್ಲಿ ನಿಂತು ಹೆಬ್ಬೆರಳು ಆಡಿಸಿದಾಗ ಏನೂ ತಗಲಲಿಲ್ಲ, ತಗಲಲಿಲ್ಲವಲ್ಲ ಎಂದು ಬೆರಳು ಒಂದು ಗಳಿಗೆ ನಿಂತಿತ್ತು ಕೂಡ. ಆ ನಿಂತದ್ದನ್ನು ಅವಳು ದಾಟಿ ಬಂದಿದ್ದಳು. ಅವಳಿಗೆ ಅಳು ಬಂತು. ಅಳಲಿಕ್ಕೂ ನಾಚಿಕೆಯಾಯಿತು, ಯಾಕೆಂದರೆ ಅತ್ತರೆ ಅವ್ವ ಬಂದು ತಲೆ ಸವರುತ್ತಾಳೆ.

ಮೇಡಂಗೆ ಫೋನು ಹಚ್ಚು ಎಂದ ಅಪ್ಪ, ಚೀಲದಿಂದ ಕಣ್ಣು ತೆಗೆಯದೆ. ನನ್ನ ಹೆಸರು ಹೇಳು, ಟೈಲರದೇ ತಪ್ಪು ಅನ್ನು ಅಂದ. ಅವಳು ಫೋನು ತೆಗೆದಳು. ಕಾಲೇಜು ಶುರುವಾದ ಮೇಲೆ ಎದುರಿಗೆ ಹೋಗಿ ಹೇಳಿದರೆ ಚೆನ್ನಲ್ಲವೇ, ರಜೆಯಲ್ಲಿ ತೊಂದರೆ ಯಾಕೆ ಎಂಬ ಯೋಚನೆ ಬಂದೇ ಬಂತು. ಬಂದದ್ದಕ್ಕೆ ತನ್ನ ಮೇಲೆ ಹೇಸಿಗೆಯೂ ಆಯಿತು. ನಂಬರು ಒತ್ತಿ ಕಿವಿಗೆ ಹಿಡಿದುಕೊಂಡು ಎದ್ದು ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದಳು. ಒಳಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ಅದಕ್ಕೇ.

ತನುಶ್ರೀಯ ಬ್ಲೇಡು ನಿಂತಿತು.

“ಇಲ್ಲೇ ಕೂತ್ಕಂಡು ಮಾಡು,” ಎಂದಳು. ದನಿಯಲ್ಲಿ ಜಗಳವಿರಲಿಲ್ಲ. “ಸ್ಪೀಕರಿಗೆ ಹಾಕು.”

ಸಾಯಿಲಕ್ಷ್ಮಿ ತಿರುಗಿ ಬಂದು ಕುಳಿತಳು. ಫೋನನ್ನು ಬಿಚ್ಚಿದ ಚೀಲಗಳ ನಡುವೆ ನೆಲದ ಮೇಲೆ ಇಟ್ಟು ಗುಂಡಿ ಒತ್ತಿದಳು. ಮಷೀನು ನಿಂತ ಆ ಮನೆಯಲ್ಲಿ ರಿಂಗಾಗುವುದು ನಾಲ್ವರಿಗೂ ಕೇಳಿಸತೊಡಗಿತು.